ಮಳೆಗಾಲದಲ್ಲಿ ಸುಮ್ಮಸುಮ್ಮನೆ ಕೂಗುವ ವೈರ್‌ಲೆಸ್ ಅಲಾರಂ: ಊರ ಮನೆಯಲ್ಲಿ ಇದನ್ನು ನೋಡಿಕೊಳ್ಳುವುದು ಹೇಗೆ?

ಶರಾವತಿ_ತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ತೋಟದ ಮನೆ. ಅಪ್ಪ, ಅಮ್ಮ ಇಬ್ಬರೇ ಇರುವುದು, ನಾನು ಬೆಂಗಳೂರಿನಲ್ಲಿ. ಅಡಿಕೆ ದಾಸ್ತಾನು ಮನೆಯಲ್ಲೇ ಇರುವುದರಿಂದ ಕಳೆದ ಬೇಸಿಗೆಯಲ್ಲಿ ವೈರ್‌ಲೆಸ್ ಅಲಾರಂ ಹಾಕಿಸಿದೆವು. ನಡುಮನೆಯ ಗೋಡೆಗೆ ಪ್ಯಾನೆಲ್, ಅಂದರೆ ಎಲ್ಲ ಸೆನ್ಸರ್‌ಗಳ ಸಿಗ್ನಲ್ ಬಂದು ಸೇರುವ ಮುಖ್ಯ ಪೆಟ್ಟಿಗೆ, ಅದರೊಳಗೊಂದು ಸಿಮ್. ಮುಂಬಾಗಿಲಿಗೂ ಹಿತ್ತಿಲ ಬಾಗಿಲಿಗೂ ಮ್ಯಾಗ್ನೆಟ್ ಸೆನ್ಸರ್. ಅಡಿಕೆ ಚೀಲ ಇಡುವ ಕೋಣೆಯಲ್ಲಿ ಮೋಷನ್ ಸೆನ್ಸರ್. ಮಾಡಿನ ಕೆಳಗೆ ಸೈರನ್.

ಬೇಸಿಗೆ ಪೂರ್ತಿ ಏನೂ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ನಡುರಾತ್ರಿ ಇದ್ದಕ್ಕಿದ್ದಂತೆ ಕೂಗಲು ಶುರುಮಾಡಿದೆ. ಅಪ್ಪ ಟಾರ್ಚ್ ಹಿಡಿದು ಮನೆ ಸುತ್ತ ನೋಡಿ ಬರುತ್ತಾರೆ, ಯಾರೂ ಇರುವುದಿಲ್ಲ. ಆಚೆ ಮನೆಯವರು ಮೊದಮೊದಲು ಓಡಿ ಬರುತ್ತಿದ್ದರು, ಈಗ ಫೋನ್ ಕೂಡ ಮಾಡುವುದಿಲ್ಲ. ನನಗೆ ಹೆಚ್ಚು ಚಿಂತೆ ಆಗಿರುವುದು ಇದೇ. ಹೋದ ವಾರದಿಂದ ಅಪ್ಪ ಪ್ಯಾನೆಲ್ ಸ್ವಿಚ್ ಆಫ್ ಮಾಡಿಟ್ಟಿದ್ದಾರೆ. ಹಾಕಿಕೊಟ್ಟವರು ಫೋನ್ ಎತ್ತುತ್ತಿಲ್ಲ.

ಮೆಸೇಜ್‌ಗಳನ್ನು ತೆಗೆದು ನೋಡಿದರೆ ಬಹಳಷ್ಟು ಸಲ ಝೋನ್ 3, ಅಂದರೆ ಅಡಿಕೆ ಕೋಣೆ. ಗಾಳಿಮಳೆ ಜೋರಿದ್ದ ರಾತ್ರಿಗಳಲ್ಲಿ ಝೋನ್ 1, ಮುಂಬಾಗಿಲು. ಎಲ್ಲಿಂದ ಹುಡುಕಲು ಶುರುಮಾಡಬೇಕು?

ಜಯನಗರ_ನಾಲ್ಕನೇ_ಬ್ಲಾಕ್

ಮೊದಲು ಅಪ್ಪನವರಿಗೆ ಒಂದು ಮಾತು ಹೇಳಿ. ಪೂರ್ತಿ ಆಫ್ ಮಾಡುವ ಬದಲು ಝೋನ್ 3 ಒಂದನ್ನೇ ಬೈಪಾಸ್‌ಗೆ ಹಾಕಬಹುದು, ಅಂದರೆ ಅದನ್ನು ಮಾತ್ರ ಲೆಕ್ಕಕ್ಕೆ ಹಿಡಿಯದಂತೆ ಮಾಡಬಹುದು. ಬಾಗಿಲುಗಳ ಕಾವಲಾದರೂ ಉಳಿಯುತ್ತದೆ. ನಮ್ಮ ಅಮ್ಮನ ಮನೆಯಲ್ಲಿ ರಿಪೇರಿ ಆಗುವವರೆಗೆ ಹಾಗೇ ಮಾಡಿದ್ದೆವು.

ಪ್ಯಾನೆಲ್_ಮೇಸ್ತ್ರಿ

ಸರ್, ನಾನು ಶಿವಮೊಗ್ಗ, ಚಿಕ್ಕಮಗಳೂರು ಕಡೆ ಇದೇ ಕೆಲಸ ಮಾಡುವವನು. ಝೋನ್ ನಂಬರ್ ನೋಡಿಟ್ಟುಕೊಂಡಿದ್ದೀರಿ, ಅರ್ಧ ಕೆಲಸ ಆದಂತೆಯೇ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಝೋನ್ 3. ನಿಮ್ಮ ಮೋಷನ್ ಸೆನ್ಸರ್ ಪಿಐಆರ್ (ಪ್ಯಾಸಿವ್ ಇನ್‌ಫ್ರಾರೆಡ್) ಜಾತಿಯದು. ಅದು ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ, ಎದುರಿಗಿರುವ ಶಾಖವನ್ನು ನೋಡುತ್ತಾ ಕೂತಿರುತ್ತದೆ. ಮುಂದಿರುವ ಬಿಳಿ ಪ್ಲಾಸ್ಟಿಕ್ ಮುಖದ ಹೆಸರು ಫ್ರೆನೆಲ್ ಲೆನ್ಸ್. ಅದು ಕೋಣೆಯನ್ನು ಹೋಳು ಹೋಳಾಗಿ ಕತ್ತರಿಸಿ ಒಳಗಿನ ಸಣ್ಣ ಸೆನ್ಸರ್ ಮೇಲೆ ಬೀಳಿಸುತ್ತದೆ. ಬೆಚ್ಚಗಿನ ದೇಹ ಒಂದು ಹೋಳಿನಿಂದ ಇನ್ನೊಂದಕ್ಕೆ ದಾಟಿದಾಗ ಶಾಖ ಏರಿಳಿಯುತ್ತದೆ, ಅದನ್ನೇ ಮನುಷ್ಯ ಎಂದು ಲೆಕ್ಕ ಹಿಡಿಯುತ್ತದೆ. ಹತ್ತು ಅಡಿ ದೂರದಲ್ಲಿ ಹಲ್ಲಿ ಹರಿದರೆ ಇದಕ್ಕೆ ಕಾಣುವುದೇ ಇಲ್ಲ. ಅದೇ ಹಲ್ಲಿ ಲೆನ್ಸ್ ಮೇಲೇ ಹತ್ತಿದರೆ ಇಡೀ ಕೋಣೆ ಅಲುಗಾಡಿದಂತೆ ಆಗುತ್ತದೆ. ಮಲೆನಾಡಿನಲ್ಲಿ ನಾನು ನೋಡಿದ ಸುಳ್ಳು ಅಲಾರಂಗಳಲ್ಲಿ ಹಲ್ಲಿ, ಜೇಡ, ಇರುವೆ ಇವುಗಳದ್ದೇ ಮೇಲುಗೈ. ಮಳೆಗಾಲದಲ್ಲಿ ದೀಪದ ಹುಳು ಬರುತ್ತವೆ, ಅವುಗಳ ಹಿಂದೆ ಹಲ್ಲಿ ಬರುತ್ತದೆ. ನಿಮ್ಮ ಸೆನ್ಸರ್ ಟ್ಯೂಬ್‌ಲೈಟ್ ಪಕ್ಕದಲ್ಲಿ ಇದ್ದರೆ ಮೊದಲು ಅಲ್ಲಿಂದ ತೆಗೆಯಿರಿ.

ಮಾಡಬೇಕಾದದ್ದು ಇಷ್ಟು. ಸೆನ್ಸರ್ ಮುಚ್ಚಳ ತೆಗೆದು ಒಳಗೆ ನೋಡಿ. ಹಿಂಬದಿಯ ಸ್ಕ್ರೂ ತೂತು, ವೈರ್ ತೂತು ಎಲ್ಲವನ್ನೂ ಸಿಲಿಕಾನ್ ಪೇಸ್ಟ್‌ನಿಂದ ಮುಚ್ಚಿ. ಗೋಡೆಗೂ ಸೆನ್ಸರ್‌ಗೂ ನಡುವೆ ಸಂದಿ ಇದ್ದರೆ ಅದನ್ನೂ ಮುಚ್ಚಿ. ಲೆನ್ಸನ್ನು ಒಣಗಿದ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಕೀಟನಾಶಕ ಸ್ಪ್ರೇಯನ್ನು ಲೆನ್ಸ್ ಮೇಲೆ ಹೊಡೆಯಲೇಬೇಡಿ. ಎಣ್ಣೆ ಪದರ ಕೂತು ಸೆನ್ಸರ್ ಮಂದವಾಗುತ್ತದೆ. ಗೋಡೆಗೆ ಬೇಕಾದರೆ ಹೊಡೆಯಿರಿ, ಸೆನ್ಸರ್‌ನಿಂದ ದೂರ.

ಇನ್ನು ಬೆಕ್ಕು. ಇಲಿ ಕಾಟಕ್ಕೆಂದು ಅಡಿಕೆ ಕೋಣೆಗೆ ಬೆಕ್ಕು ಬಿಟ್ಟಿರುತ್ತಾರೆ. ಸೆನ್ಸರ್ ಡಬ್ಬದ ಮೇಲೆ 'ಪೆಟ್ ಇಮ್ಯೂನ್, 20 ಕೆಜಿ' ಎಂದು ಬರೆದಿದ್ದರೂ ಅದು ನೆಲದ ಮೇಲೆ ಓಡಾಡುವ ಪ್ರಾಣಿಗೆ ಹೇಳಿದ ಮಾತು. ಚೀಲದ ರಾಶಿಯ ಮೇಲೆ ಹತ್ತಿ ಸೆನ್ಸರ್ ಮಟ್ಟಕ್ಕೆ ಬಂದ ಬೆಕ್ಕಿಗೆ ಅದು ಲಾಗೂ ಆಗುವುದಿಲ್ಲ. ಸೆನ್ಸರ್ 7ರಿಂದ 8 ಅಡಿ ಎತ್ತರದಲ್ಲಿ ಇರಲಿ, ಮೂಲೆಯಲ್ಲಿರಲಿ. ಕಳ್ಳ ಅದರ ಕಡೆಗೆ ನೇರ ನಡೆದು ಬರುವ ಹಾಗಲ್ಲ, ಅದರ ಮುಂದೆ ಅಡ್ಡ ಹಾಯುವ ಹಾಗೆ ಇರಲಿ. ಅಡ್ಡ ಹಾದರೆ ಬೇಗ ಹಿಡಿಯುತ್ತದೆ. ಹೊಸ ಚೀಲ ಒಟ್ಟಿದಾಗ ಸೆನ್ಸರ್ ಕಣ್ಣಿಗೆ ಮರೆಯಾಗದಂತೆಯೂ ನೋಡಿಕೊಳ್ಳಬೇಕು.

ಝೋನ್ 1 ಬೇರೆ ವಿಷಯ. ಬಾಗಿಲಿನ ಸೆನ್ಸರ್ ಎರಡು ತುಂಡು. ದಾರಂದದ ಮೇಲೆ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಇದೆಯೋ ಇಲ್ಲವೋ ಎಂದು ಗುರುತಿಸುವ ಸ್ವಿಚ್) ಇರುವ ತುಂಡು, ಬಾಗಿಲಿಗೆ ಆಯಸ್ಕಾಂತದ ತುಂಡು. ಎರಡರ ನಡುವೆ ಸಾಮಾನ್ಯವಾಗಿ ಒಂದು ಸೆಂಟಿಮೀಟರ್, ಹೆಚ್ಚೆಂದರೆ ಎರಡು. ಅದಕ್ಕಿಂತ ದೂರವಾದರೆ 'ಬಾಗಿಲು ತೆರೆಯಿತು' ಎಂದೇ ಲೆಕ್ಕ. ಬೇಸಿಗೆಯಲ್ಲಿ ಅಳೆದು ಕೂರಿಸಿದ ಮರದ ಬಾಗಿಲು ಆಷಾಢದಲ್ಲಿ ಉಬ್ಬುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಗಾಳಿ ಬಂದಾಗ ಅಗುಳಿ ಹಾಕಿದ್ದರೂ ಬಾಗಿಲು ಒಂದೆರಡು ಮಿಲಿಮೀಟರ್ ಅಲ್ಲಾಡುತ್ತದೆ. ಅಂಚಿನಲ್ಲಿದ್ದ ಆಯಸ್ಕಾಂತ ಆಚೆ ಹೋಗಿ ಈಚೆ ಬರುತ್ತದೆ, ಸೈರನ್ ಕೂಗುತ್ತದೆ. ಆಯಸ್ಕಾಂತದ ಕೆಳಗೆ ತೆಳು ಮರದ ಚಕ್ಕೆ ಕೊಟ್ಟು ಹತ್ತಿರ ತನ್ನಿ. ಮಳೆ ನಿಂತ ಮೇಲೆ ಇನ್ನೊಮ್ಮೆ ನೋಡಿ. ಬಾಗಿಲಿಗೆ ಕಬ್ಬಿಣದ ಪಟ್ಟಿ ಇದ್ದರೆ ಆಯಸ್ಕಾಂತದ ಬಲ ಇನ್ನೂ ಕಡಿಮೆಯಾಗುತ್ತದೆ. ಕಬ್ಬಿಣದ ಗೇಟು, ರೋಲಿಂಗ್ ಶಟರ್‌ಗೆಂದೇ ಅಗಲ ಸಂದಿಯ ದಪ್ಪ ಸೆನ್ಸರ್ ಬರುತ್ತದೆ, ಅದನ್ನೇ ಹಾಕಬೇಕು.

ಸರ್ಕ್ಯೂಟ್_ಪ್ರಿಯ

ಮೇಸ್ತ್ರಿಗಳು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿಮ್ಮ ಸೆನ್ಸರ್ ಒಂದು ಕಡೆಯಿಂದ ಮಾತ್ರ ಮಾತಾಡುವುದೋ, ಎರಡು ಕಡೆಯ ಮಾತು ಬಲ್ಲದ್ದೋ ಎಂದು ನೋಡಿ. ನಮ್ಮಲ್ಲಿ ಅಗ್ಗದ ಸೆಟ್‌ಗಳು 433 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಅವುಗಳಲ್ಲಿ ಬಹುಪಾಲು ಸೆನ್ಸರ್‌ಗಳು ಬಾಗಿಲು ತೆರೆದಾಗ ಒಂದು ಕೋಡ್ ಕೂಗಿ ಮಲಗುತ್ತವೆ. ಪ್ಯಾನೆಲ್‌ಗೆ ಅದು ಕೇಳಿಸಿತೋ ಇಲ್ಲವೋ ಸೆನ್ಸರ್‌ಗೆ ಗೊತ್ತಿಲ್ಲ. ಸೆನ್ಸರ್ ಬ್ಯಾಟರಿ ಸತ್ತು ತಿಂಗಳಾದರೂ ಪ್ಯಾನೆಲ್ 'ಎಲ್ಲ ಸರಿ ಇದೆ' ಎಂದೇ ತೋರಿಸುತ್ತದೆ. ಸುಳ್ಳು ಕೂಗಿಗಿಂತ ಈ ಮೌನ ಅಪಾಯ. ಒಳ್ಳೆಯ ಸೆಟ್‌ಗಳಲ್ಲಿ ಪ್ರತಿ ಸೆನ್ಸರ್ ಇಂತಿಷ್ಟು ಹೊತ್ತಿಗೊಮ್ಮೆ 'ನಾನಿದ್ದೇನೆ' ಎಂದು ಹಾಜರಿ ಹಾಕುತ್ತದೆ, ಹಾಜರಿ ತಪ್ಪಿದರೆ ಪ್ಯಾನೆಲ್ ತಿಳಿಸುತ್ತದೆ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಹಾಜರಿ ಇಲ್ಲದ ಸೆಟ್ ನಿಮ್ಮದಾದರೆ ಕೈಯಾರೆ ಪರೀಕ್ಷೆ ಮಾಡುವುದನ್ನು ಯಾವ ಕಾರಣಕ್ಕೂ ಬಿಡಬಾರದು.

ಕೋಡ್ ವಿಚಾರವೂ ಇದೆ. ಅಗ್ಗದ ರಿಮೋಟ್‌ಗಳು ಪ್ರತಿ ಸಲವೂ ಅದೇ ಕೋಡ್ ಕಳಿಸುತ್ತವೆ. ಅದನ್ನು ಹಿಡಿದು ಮತ್ತೆ ಕಳಿಸುವ ಸಾಧನ ಇದ್ದವನಿಗೆ ನಿಮ್ಮ ಅಲಾರಂ ಆಫ್ ಮಾಡುವುದು ಕಷ್ಟವಲ್ಲ. ಪ್ರತಿ ಒತ್ತಿಗೂ ಕೋಡ್ ಬದಲಾಗುವ ರೋಲಿಂಗ್ ಕೋಡ್ ರಿಮೋಟ್ ಇರುವ ಸೆಟ್ ಸಿಕ್ಕರೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಈಗಿರುವುದು ಹಳೆಯದಾದರೆ ರಿಮೋಟ್ ಬಳಕೆ ಕಡಿಮೆ ಮಾಡಿ ಕೀಪ್ಯಾಡ್ ಬಳಸಿ. ಕಂಪನಿ ಹಾಕಿಕೊಟ್ಟ 1234, 0000 ಕೋಡ್ ಇವತ್ತೇ ಬದಲಾಯಿಸಿ.

ಕಲಬುರಗಿ_ಬಿಸಿಲು

ನಮ್ಮ ಕಡಿ ಕಥಿ ಬ್ಯಾರೆ ಅದ ರೀ. ನಿಮ್ಮಲ್ಲಿ ಯಾರೂ ಇಲ್ಲದಾಗ ಕೂಗ್ತದ, ನಮ್ಮ ಮನ್ಯಾಗ ಏಪ್ರಿಲ್, ಮೇ ಒಳಗ ಎದುರಿಗೇ ಅಡ್ಡಾಡಿದ್ರೂ ಕೂಗಂಗಿಲ್ಲ. ಹೊರಗ 42 ಡಿಗ್ರಿ ಇದ್ದಾಗ ಬಂದ್ ಮಾಡಿಟ್ಟ ಮನಿಯೊಳಗ 36, 37 ಇರ್ತದ. ಚಳಿಗಾಲದಾಗ ಅದೇ ಸೆನ್ಸರ್ ಛಲೋ ಕೆಲಸ ಮಾಡ್ತದ. ಬ್ಯಾಟರಿನೂ ಹೊಸಾದು ಹಾಕೇವಿ. ಬ್ಯಾಸಗಿ ಸೂಟಿಗೆ ಊರಿಗೆ ಹೋಗೋದೇ ಆ ಹೊತ್ತಿನ್ಯಾಗ. ಇದಕ್ಕ ಏನು ಮಾಡಬೇಕ್ರಿ?

ಪ್ಯಾನೆಲ್_ಮೇಸ್ತ್ರಿ

ಸೆನ್ಸರ್ ಕೆಟ್ಟಿಲ್ಲ ಸರ್. ಅದು ನೋಡುವುದು ದೇಹಕ್ಕೂ ಹಿಂದಿನ ಗೋಡೆಗೂ ಇರುವ ಶಾಖದ ವ್ಯತ್ಯಾಸ. ಮನುಷ್ಯನ ಚರ್ಮ, ಬಟ್ಟೆಯ ಮೇಲ್ಮೈ 30ರಿಂದ 35 ಡಿಗ್ರಿ ಆಸುಪಾಸು. ಗೋಡೆಯೂ ಅಷ್ಟೇ ಬಿಸಿ ಆದಾಗ ವ್ಯತ್ಯಾಸ ಉಳಿಯುವುದಿಲ್ಲ. ಗೋಡೆ ಇನ್ನೂ ಬಿಸಿಯಾದರೆ ಮತ್ತೆ ಸ್ವಲ್ಪ ಹಿಡಿಯುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯವರು ಕೊಳ್ಳುವಾಗ 'ಟೆಂಪರೇಚರ್ ಕಾಂಪೆನ್ಸೇಷನ್', ಅಂದರೆ ಕೋಣೆಯ ಬಿಸಿಗೆ ತಕ್ಕಂತೆ ಸೂಕ್ಷ್ಮತೆ ಹೊಂದಿಸಿಕೊಳ್ಳುವ ಏರ್ಪಾಡು ಇರುವುದನ್ನು ಕೇಳಿ. ಪಿಐಆರ್ ಜತೆಗೆ ಮೈಕ್ರೋವೇವ್ ಇರುವ ಡ್ಯುಯಲ್ ಟೆಕ್ ಸೆನ್ಸರನ್ನೂ ಕೆಲವರು ಹೇಳುತ್ತಾರೆ, ಆದರೆ ಅದರಲ್ಲಿ ಎರಡೂ ಒಪ್ಪಿದರೆ ಮಾತ್ರ ಕೂಗುವ ಏರ್ಪಾಡು ಇರುತ್ತದೆ. ಸುಳ್ಳು ಕೂಗು ತಪ್ಪಿಸಲು ಅದು ಒಳ್ಳೆಯದು, ನಿಮ್ಮ ಸಮಸ್ಯೆಗೆ ಮದ್ದಲ್ಲ. ನಿಮ್ಮಲ್ಲಿ ಬಾಗಿಲು, ಕಿಟಕಿಗಳ ಮ್ಯಾಗ್ನೆಟ್ ಸೆನ್ಸರ್ ಮೇಲೆ ಹೆಚ್ಚು ಭಾರ ಹಾಕಿ. ಅದಕ್ಕೆ ಬಿಸಿಲಿನ ಹಂಗಿಲ್ಲ. ಕಿಟಕಿಯಿಂದ ನೇರ ಬಿಸಿಲು ಬೀಳುವ ಜಾಗದಲ್ಲಿ ಪಿಐಆರ್ ಇದ್ದರೆ ಜಾಗ ಬದಲಿಸಿ.

ಕುಡ್ಲ_ಹಂಚಿನಮನೆ

ಶರಾವತಿ ತೀರದವರೇ, ನಿಮ್ಮದೂ ಹಂಚಿನ ಮಾಡೇ ಇರಬೇಕು. ನಮ್ಮೂರಿನ ಹಳೆ ಮನೆಗಳಲ್ಲಿ ಕಳ್ಳ ಬಾಗಿಲಿಗೆ ಕೈ ಹಾಕುವುದಿಲ್ಲ. ನಾಲ್ಕು ಹಂಚು ಸರಿಸಿ, ರೀಪಿನ ಸಂದಿಯಲ್ಲಿ ಅಟ್ಟಕ್ಕೆ ಇಳಿಯುತ್ತಾನೆ. ಬಾಗಿಲಿನ ಎರಡೂ ಸೆನ್ಸರ್ ಸುಮ್ಮನೆ ನೋಡುತ್ತಾ ಇರುತ್ತವೆ. ಅಟ್ಟದ ಏಣಿ ಇಳಿಯುವ ಜಾಗಕ್ಕೆ ಮುಖ ಮಾಡಿ ಒಂದು ಮೋಷನ್ ಸೆನ್ಸರ್ ಇರಲೇಬೇಕು. ಅಟ್ಟದ ಒಳಗೇ ಹಾಕಬೇಡಿ, ಅಲ್ಲಿ ಬಾವಲಿ, ಇಲಿ, ಕಾದ ಹಂಚಿನ ಶಾಖ ಎಲ್ಲವೂ ಇದೆ.

ಇನ್ನೊಂದು ಸಿಡಿಲು. ಪ್ಯಾನೆಲ್‌ನ ಅಡಾಪ್ಟರ್‌ಗೆ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕಿ, ಮನೆಯ ಅರ್ಥಿಂಗ್ ಒಮ್ಮೆ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಏಪ್ರಿಲ್, ಮೇ ಸಂಜೆಯ ಸಿಡಿಲಿಗೆ ನಾವು ಪ್ಲಗ್ ಕಿತ್ತೇ ಬಿಡುತ್ತೇವೆ. ಬ್ಯಾಟರಿ ಮೇಲೆ ಪ್ಯಾನೆಲ್ ನಡೆಯುತ್ತದೆ. ಕಡಲ ಗಾಳಿಗೆ ಸೆಲ್ ಕೂರುವ ಸ್ಪ್ರಿಂಗ್ ಹಸಿರುಗಟ್ಟುತ್ತದೆ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ತೆಗೆಯುತ್ತೇವೆ.

ಶರಾವತಿ_ತೀರ

ಎಲ್ಲರಿಗೂ ಧನ್ಯವಾದ. ಶನಿವಾರ ಊರಿಗೆ ಹೋಗಿದ್ದೆ, ಅಪ್ಪನ ಜತೆ ಕೂತು ಎಲ್ಲ ಬಿಚ್ಚಿ ನೋಡಿದೆವು.

ಮೇಸ್ತ್ರಿಗಳು ಹೇಳಿದ್ದೇ. ಅಡಿಕೆ ಕೋಣೆಯ ಸೆನ್ಸರ್ ಮೂಲೆಯ ಬ್ರಾಕೆಟ್ ಮೇಲೆ ಇತ್ತು, ಹಿಂದೆ ಬೆರಳು ತೂರುವಷ್ಟು ಸಂದಿ. ಆ ಸಂದಿಯಲ್ಲಿ ಗೋಡೆಗೆ ಅಂಟಿಕೊಂಡು ಎರಡು ಹಲ್ಲಿ ಮೊಟ್ಟೆ, ಬೆಳ್ಳಗೆ, ಗುಂಡಗೆ. ಲೆನ್ಸ್ ಮೇಲೆ ಹಲ್ಲಿ ಹಿಕ್ಕೆಯ ಕಪ್ಪು ಚುಕ್ಕೆಗಳು. ಒಳಗೆ ಬೋರ್ಡಿನ ಒಂದು ಮೂಲೆಗೆ ಜೇಡ ಬಲೆ ಕಟ್ಟಿತ್ತು. ಎಲ್ಲ ತೆಗೆದು, ತೂತು ಮುಚ್ಚಿ, ಟ್ಯೂಬ್‌ಲೈಟಿನ ಎದುರು ಮೂಲೆಗೆ ಬದಲಿಸಿದೆವು. ಮುಂಬಾಗಿಲು ನೋಡಿದರೆ ಮೇಲ್ಭಾಗದಲ್ಲಿ ದಾರಂದಕ್ಕೆ ಕಚ್ಚಿಕೊಂಡು ಕೆಳಗೆ ಸಂದಿ ಬಿಟ್ಟಿದೆ. ಸೆನ್ಸರ್ ಕೂರಿಸಿದ್ದು ಕೆಳಗೆ. ಮೇಲಕ್ಕೆ ಬದಲಿಸಿದೆವು, ಈಗ ಬಾಗಿಲು ತಳ್ಳಿದರೂ ಅಲುಗಾಟ ಇಲ್ಲ.

ಆಮೇಲೆ ಅಪ್ಪ ತಾವಾಗಿ ಆಚೆ ಮನೆಗೆ ಹೋಗಿ ವಿಷಯ ಹೇಳಿ ಬಂದರು. ಇನ್ನು ಮುಂದೆ ಕೂಗಿದರೆ ಮೊದಲು ನಮಗೆ ಫೋನ್ ಮಾಡಿ, ನಾವು ಎತ್ತದಿದ್ದರೆ ಬನ್ನಿ ಎಂದು ಮಾತಾಗಿದೆ. ಸೆನ್ಸರ್ ಸರಿಯಾದದ್ದಕ್ಕಿಂತ ನನಗೆ ಇದು ದೊಡ್ಡದು.

ಉಳಿದ ತೊಂದರೆ: ಅಡಿಕೆ ಕೋಣೆಯ ಸಿಗ್ನಲ್ ಪ್ಯಾನೆಲ್‌ನಲ್ಲಿ ಒಂದೇ ಕಡ್ಡಿ ತೋರಿಸುತ್ತಿದೆ. ನಡುವೆ ಎರಡು ದಪ್ಪ ಜಂಬಿಟ್ಟಿಗೆ ಗೋಡೆ.

ಸರ್ಕ್ಯೂಟ್_ಪ್ರಿಯ

ದಪ್ಪ ಗೋಡೆ, ಅದೂ ಮಳೆಗಾಲದಲ್ಲಿ ನೀರು ಕುಡಿದ ಜಂಬಿಟ್ಟಿಗೆ, ಸಿಗ್ನಲ್ ನುಂಗುತ್ತದೆ. ಪ್ಯಾನೆಲ್ ಪಕ್ಕ ಕಬ್ಬಿಣದ ಬೀರು, ಫ್ರಿಜ್ ಇದ್ದರೆ ಪ್ಯಾನೆಲ್ ಅಲ್ಲಿಂದ ಎತ್ತಿ. ಆಂಟೆನಾ ನೇರ ಮೇಲಕ್ಕೆ ನಿಂತಿರಲಿ. ಒಂದೆರಡು ಅಡಿ ಸರಿಸಿದರೂ ಬಹಳ ವ್ಯತ್ಯಾಸ ಬರುತ್ತದೆ. ಬಾಗಿಲ ಸಂದಿಯ ನೇರಕ್ಕೆ ಪ್ಯಾನೆಲ್ ಬಂದರೆ ಇನ್ನೂ ಒಳ್ಳೆಯದು. ಆಗದಿದ್ದರೆ ನಡುವೆ ಒಂದು ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಮುಂದಕ್ಕೆ ಕಳಿಸುವ ಸಾಧನ) ಹಾಕಬಹುದು, ಅದಕ್ಕೂ ಬ್ಯಾಟರಿ ಬ್ಯಾಕಪ್ ಇರುವುದನ್ನೇ ನೋಡಿ. ಕರೆಂಟ್ ಹೋದ ಕೂಡಲೇ ರಿಪೀಟರ್ ಸತ್ತರೆ ಅಡಿಕೆ ಕೋಣೆ ಪೂರ್ತಿ ಕುರುಡು.

ಬೀಟ್_ಪುಸ್ತಕ

ನಾನು ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತನಾದವನು. ನಿಮ್ಮ ತಂದೆಯವರು ಟಾರ್ಚ್ ಹಿಡಿದು ಒಬ್ಬರೇ ಹೊರಗೆ ಹೋಗುತ್ತಾರೆಂದು ಓದಿ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ನಿಲ್ಲಿಸಲು ಹೇಳಿ. ಸೈರನ್ ಕೂಗಿದಾಗ ಒಳಗಿನಿಂದ ಚಿಲಕ ಹಾಕಿಕೊಂಡು, ಹೊರಗಿನ ದೀಪ ಎಲ್ಲ ಹಾಕಿ, ಫೋನ್ ಮಾಡಬೇಕು. ಕಳ್ಳನನ್ನು ಓಡಿಸುವುದು ಸೈರನ್ ಕೆಲಸ, ಹಿಡಿಯುವುದು ನಮ್ಮವರ ಕೆಲಸ. ಅವನು ಓಡಿಹೋಗಲು ದಾರಿ ಇರಬೇಕು. ಎದುರಿಗೆ ಸಿಕ್ಕಿಬಿದ್ದ ಕಳ್ಳನೇ ಕೈಮಾಡುವುದು.

ಪ್ಯಾನೆಲ್‌ನಲ್ಲಿ ಕರೆ ಹೋಗುವ ನಂಬರ್‌ಗಳ ಸರದಿ ಯೋಚಿಸಿ ಇಡಿ. ಮೊದಲ ನಂಬರ್ ಬೆಂಗಳೂರಿನ ಮಗನದ್ದಾದರೆ ಅವನು ಮಲಗಿರುತ್ತಾನೆ, ಎದ್ದರೂ ಸಾಗರಕ್ಕೆ ಬರಲು ಆರೇಳು ಗಂಟೆ. ಮೊದಲು ಪಕ್ಕದ ಮನೆ, ಆಮೇಲೆ ಊರೊಳಗಿನ ನೆಂಟರು, ಆಮೇಲೆ ನೀವು. 112ಕ್ಕೆ ಪ್ಯಾನೆಲ್‌ನಿಂದ ನೇರ ಕರೆ ಇಡಬೇಡಿ. ಅಲ್ಲಿ ಕೂತವರು ಎಲ್ಲಿ, ಏನು ಎಂದು ಕೇಳುತ್ತಾರೆ, ರೆಕಾರ್ಡ್ ಮಾಡಿದ ಧ್ವನಿ ಉತ್ತರ ಕೊಡುವುದಿಲ್ಲ. ಮನುಷ್ಯರೇ ಮಾಡಬೇಕು. ತೋಟದ ಮನೆಗೆ ದಾರಿ ಹೇಳುವುದು ಕಷ್ಟ, ಆದ್ದರಿಂದ ಮುಖ್ಯ ರಸ್ತೆಯಿಂದ ಎಲ್ಲಿ ತಿರುಗಬೇಕು, ಯಾವ ಗುರುತು ಎಂದು ಒಂದು ಚೀಟಿಯಲ್ಲಿ ಬರೆದು ಫೋನ್ ಪಕ್ಕದ ಗೋಡೆಗೆ ಅಂಟಿಸಿ. ಗಾಬರಿಯಲ್ಲಿ ಅದನ್ನು ಓದಿ ಹೇಳಿದರೆ ಸಾಕು.

ಇಬ್ಬರೂ ನಾಲ್ಕು ದಿನ ಊರು ಬಿಟ್ಟು ಹೋಗುವುದಾದರೆ ಠಾಣೆಗೆ ತಿಳಿಸಿ ಹೋಗಿ. ರಾತ್ರಿ ಬೀಟಿನವರು ಆ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ.

ಜಯನಗರ_ನಾಲ್ಕನೇ_ಬ್ಲಾಕ್

ಸರ್ ಹೇಳಿದ್ದು ಸರಿ. ನಮ್ಮ ಅಮ್ಮ ಒಬ್ಬರೇ ಇರುವುದರಿಂದ ವಯಸ್ಸಾದವರಿಗೆ ಏನು ಅನುಕೂಲ ಎಂದು ನಾವು ಬಹಳ ಯೋಚಿಸಿದ್ದೇವೆ.

ರಾತ್ರಿ 'ಸ್ಟೇ' ಮೋಡ್. ಬಾಗಿಲು, ಕಿಟಕಿ ಮಾತ್ರ ಎಚ್ಚರ, ಒಳಗಿನ ಮೋಷನ್ ಸೆನ್ಸರ್ ಮಲಗಿರುತ್ತದೆ. ಅಮ್ಮ ರಾತ್ರಿ ಬಚ್ಚಲಿಗೆ ಎದ್ದರೂ ತೊಂದರೆ ಇಲ್ಲ. ಹೊರಗಿನಿಂದ ಬಂದು ಕೋಡ್ ಒತ್ತಲು ಕೊಡುವ ಸಮಯ 30 ಸೆಕೆಂಡ್ ಇತ್ತು, ಮಂಡಿ ನೋವಿರುವವರಿಗೆ ಅದು ಸಾಲದು, 60 ಮಾಡಿದೆವು. ಕೀಪ್ಯಾಡ್ ಅಂಕಿಗಳು ದೊಡ್ಡದಾಗಿ, ಹಿಂದೆ ಬೆಳಕಿರುವಂಥದ್ದು. ಮನೆಕೆಲಸದವರಿಗೆ ಬೇರೆಯದೇ ಕೋಡ್, ಅವರು ಕೆಲಸ ಬಿಟ್ಟ ದಿನ ಅದನ್ನಷ್ಟೇ ಅಳಿಸಿದರಾಯಿತು. ಬೆದರಿಸಿ ಆಫ್ ಮಾಡಿಸಿದರೆ ಒತ್ತಲು ಇನ್ನೊಂದು ಕೋಡ್ ಇದೆ. ಅದನ್ನು ಒತ್ತಿದರೆ ಸೈರನ್ ನಿಲ್ಲುತ್ತದೆ, ಆದರೆ ನಮ್ಮ ಫೋನ್‌ಗಳಿಗೆ ಗುಟ್ಟಾಗಿ ಸಂದೇಶ ಬರುತ್ತದೆ. ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಈ ಸೌಲಭ್ಯ ಇರುತ್ತದೆ, ಬಳಸುವವರು ಕಡಿಮೆ.

ಪ್ಯಾನಿಕ್ ಬಟನ್ ಅಮ್ಮ ತಾಳಿಸರದ ಹಾಗೆ ಕೊರಳಿಗೇ ಹಾಕಿಕೊಂಡಿರುತ್ತಾರೆ. ಕಳ್ಳರಿಗಿಂತ ಬಚ್ಚಲಲ್ಲಿ ಜಾರಿ ಬೀಳುವ ಭಯವೇ ನಮಗೆ ಹೆಚ್ಚು, ಅದಕ್ಕೂ ಇದೇ ಬಟನ್. ಅದೇ ಪ್ಯಾನೆಲ್‌ಗೆ ಗ್ಯಾಸ್ ಸೆನ್ಸರ್ ಕೂಡ ಸೇರಿಸಿದ್ದೇವೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ, ಹಾಗಾಗಿ ನೆಲದಿಂದ ಒಂದು ಅಡಿ ಎತ್ತರದಲ್ಲಿ ಹಾಕಬೇಕು. ಪೈಪ್ ಗ್ಯಾಸ್ ಇರುವವರು ಅದು ಹಗುರ ಎಂದು ನೆನಪಿಟ್ಟು ಮೇಲೆ, ಸೂರಿನ ಹತ್ತಿರ ಹಾಕಬೇಕು. ಹೊಗೆ ಸೆನ್ಸರ್ ಅಡುಗೆಮನೆಗೂ ದೇವರಮನೆಗೂ ಬೇಡ. ಒಗ್ಗರಣೆ, ಊದುಬತ್ತಿ, ಧೂಪಕ್ಕೆಲ್ಲ ಕೂಗುತ್ತದೆ.

ದಾವಣಗೆರೆ_ಟು_ಡಲ್ಲಾಸ್

ಇಲ್ಲಿ ಅಮೆರಿಕದಲ್ಲಿ ಒಳ್ಳೆಯ ಸೆಟ್‌ಗಳು ಅರ್ಧ ಬೆಲೆಗೆ ಸೇಲ್‌ಗೆ ಬಂದಿವೆ. ಡಿಸೆಂಬರ್‌ನಲ್ಲಿ ಬರುವಾಗ ದಾವಣಗೆರೆಯ ಅಣ್ಣನ ಮನೆಗೆ ಒಂದು ತರಲೇ?

ಸರ್ಕ್ಯೂಟ್_ಪ್ರಿಯ

ತರಬೇಡಿ. ಅಲ್ಲಿಯ ಬಹಳಷ್ಟು ಸೆಟ್‌ಗಳು 902ರಿಂದ 928 ಮೆಗಾಹರ್ಟ್ಸ್ ನಡುವೆ, ಇಲ್ಲವೇ 319, 345 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ನಮ್ಮಲ್ಲಿ 890ರಿಂದ 915 ಮೊಬೈಲ್ ಫೋನ್‌ಗಳು ಟವರ್‌ಗೆ ಕಳಿಸುವ ಪಟ್ಟಿ. ಅದಕ್ಕೆ ಅಡ್ಡ ಹೋಗುವುದು ಕಾನೂನಿಗೂ ವಿರುದ್ಧ, ಸೆಟ್ಟೂ ಸರಿಯಾಗಿ ನಡೆಯುವುದಿಲ್ಲ. ಭಾರತದಲ್ಲಿ ಇಂಥ ಸಣ್ಣ ಸಾಧನಗಳಿಗೆ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 433ರಿಂದ 434, 865ರಿಂದ 868, ಮತ್ತೆ ವೈಫೈ, ಜಿಗ್‌ಬೀ ಕೆಲಸ ಮಾಡುವ 2.4 ಗಿಗಾಹರ್ಟ್ಸ್. ಯುರೋಪಿನಲ್ಲಿರುವವರೂ ಗಮನಿಸಿ, ಅಲ್ಲಿಯ ಅನೇಕ ಸೆಟ್‌ಗಳು 868.0ರಿಂದ 868.6ರಲ್ಲಿವೆ, ನಮ್ಮ ಗೆರೆ 868ಕ್ಕೇ ಮುಗಿಯುತ್ತದೆ. ಜತೆಗೆ ಅಲ್ಲಿಯ ಸೆಟ್‌ಗಳು ಬಹಳಷ್ಟು ಅಲ್ಲಿಯ ತಿಂಗಳ ಚಂದಾ ಸೇವೆಗೆ ಕಟ್ಟಿಹಾಕಿದವು. ಅಣ್ಣನಿಗೆ ಇಲ್ಲೇ, ಹತ್ತಿರದಲ್ಲಿ ಸರ್ವೀಸ್ ಸಿಗುವುದನ್ನು ಕೊಡಿಸಿ.

ಶರಾವತಿ_ತೀರ

ಸಿಮ್ ಬಗ್ಗೆಯೂ ಕೇಳಬೇಕಿತ್ತು. ಪ್ಯಾನೆಲ್‌ನಲ್ಲಿರುವ ಸಿಮ್‌ಗೆ ತಿಂಗಳು ತಿಂಗಳು ರೀಚಾರ್ಜ್ ಮಾಡುವುದು ನೆನಪಿನಿಂದ ಜಾರುತ್ತದೆ. ಬೇರೆ ದಾರಿ ಇದೆಯೇ?

ಪ್ಯಾನೆಲ್_ಮೇಸ್ತ್ರಿ

ಪ್ಯಾನೆಲ್‌ಗೆ ಡೇಟಾ ಬೇಡ, ಕರೆ ಮತ್ತು ಎಸ್‌ಎಂಎಸ್ ಸಾಕು. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ತಿದ್ದಿ, ಡೇಟಾ ಇಲ್ಲದ ಪ್ಯಾಕ್ ಕೊಡಲೇಬೇಕು ಎಂದು ಮೊಬೈಲ್ ಕಂಪನಿಗಳಿಗೆ ಹೇಳಿದೆ. 365 ದಿನದವರೆಗೆ ಅವಧಿ ಇಡಬಹುದು. ವರ್ಷದ್ದು ಒಂದೇ ಸಲ ಹಾಕಿಸಿ.

ಯಾವ ಸಿಮ್ ಎನ್ನುವುದು ಪ್ಯಾನೆಲ್ ಮೇಲೆ. ಹಳೆ ಪ್ಯಾನೆಲ್‌ಗಳ ಒಳಗಿನ ಮಾಡ್ಯೂಲ್‌ಗೆ 2ಜಿ ಮಾತ್ರ ಗೊತ್ತು. ಜಿಯೋ ಜಾಲದಲ್ಲಿ 2ಜಿ ಇಲ್ಲ, ಹಾಗಾಗಿ ಆ ಸಿಮ್ ಅದರಲ್ಲಿ ನಡೆಯುವುದಿಲ್ಲ. ಈಗ ಹೊಸದಾಗಿ ಕೊಳ್ಳುವವರು 4ಜಿ ಪ್ಯಾನೆಲ್ಲನ್ನೇ ತೆಗೆದುಕೊಳ್ಳಿ. ಮನೆಯ ಯಾವ ಜಾಗದಲ್ಲಿ ಯಾವ ಕಂಪನಿಯ ಸಿಗ್ನಲ್ ಇದೆ ಎಂದು ಫೋನ್ ಹಿಡಿದು ಪ್ಯಾನೆಲ್ ಇರುವ ಗೋಡೆಯ ಹತ್ತಿರವೇ ನಿಂತು ನೋಡಬೇಕು, ಜಗಲಿಯಲ್ಲಿ ಅಲ್ಲ. ಸಿಮ್ ಹಾಕುವ ಮುನ್ನ ಪಿನ್ ಲಾಕ್ ತೆಗೆಯಿರಿ. 1909ಕ್ಕೆ ಕರೆ ಮಾಡಿ ಜಾಹೀರಾತು ಮೆಸೇಜ್ ನಿಲ್ಲಿಸಿ. ಸಿಮ್‌ನಲ್ಲಿ ಮೆಸೇಜ್ ತುಂಬಿದರೆ ಕೆಲವು ಪ್ಯಾನೆಲ್‌ಗಳು ನೀವು ಕಳಿಸಿದ ಆದೇಶವನ್ನು ತೆಗೆದುಕೊಳ್ಳುವುದಿಲ್ಲ.

ಬ್ಯಾಟರಿ ವಿಚಾರವನ್ನೂ ಇಲ್ಲೇ ಬರೆದುಬಿಡುತ್ತೇನೆ. ಪ್ಯಾನೆಲ್ ಪೆಟ್ಟಿಗೆಯ ಕೆಳಗೆ 12 ವೋಲ್ಟಿನ ಸೀಲ್ಡ್ ಬ್ಯಾಟರಿ ಇದ್ದರೆ ಅದರ ಆಯಸ್ಸು ಮೂರರಿಂದ ಐದು ವರ್ಷ. ಬಿಸಿ ಜಾಗದಲ್ಲಿ ಇನ್ನೂ ಕಡಿಮೆ. ಪ್ಲಗ್ ಕಿತ್ತು ಒಂದೆರಡು ಗಂಟೆ ಬಿಟ್ಟು ಮೀಟರ್ ಹಿಡಿಯಿರಿ. 12.6ರ ಆಸುಪಾಸು ಇದ್ದರೆ ಚೆನ್ನಾಗಿದೆ. 12ಕ್ಕಿಂತ ಕೆಳಗಿದ್ದರೆ, ಹೊಟ್ಟೆ ಉಬ್ಬಿದ್ದರೆ ಬದಲಾಯಿಸಿ. 7 ಎಎಚ್ (ಆ್ಯಂಪ್-ಅವರ್) ಬ್ಯಾಟರಿ, ಪ್ಯಾನೆಲ್ ಎಳೆಯುವುದು 100 ಮಿಲಿಆ್ಯಂಪ್ ಎಂದುಕೊಂಡರೆ ಲೆಕ್ಕಕ್ಕೆ 70 ಗಂಟೆ ಬರಬೇಕು. ಮಲೆನಾಡಿನಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದರೂ ತಡೆಯಬೇಕು. ಹಳೆಯದಾದ ಮೇಲೆ ಅರ್ಧವೂ ಬರುವುದಿಲ್ಲ.

ಸೆನ್ಸರ್‌ಗಳಲ್ಲಿ ಸಿಆರ್123ಎ, ಸಿಆರ್2032, ರಿಮೋಟ್‌ನಲ್ಲಿ ಸಣ್ಣ 12 ವೋಲ್ಟಿನ 23ಎ, ಹೀಗೆ ಒಂದೊಂದಕ್ಕೆ ಒಂದೊಂದು. ಲಿಥಿಯಂ ಸೆಲ್ ಕೊನೆಯವರೆಗೂ 3 ವೋಲ್ಟ್ ಹತ್ತಿರವೇ ತೋರಿಸಿ ಒಂದೇ ಸಲ ಕುಸಿಯುತ್ತದೆ. ಹಾಗಾಗಿ ಮೀಟರ್ ನಂಬಿ ಮುಂದೂಡಬೇಡಿ, 'ಲೋ ಬ್ಯಾಟರಿ' ಬಂದ ವಾರದೊಳಗೆ ಬದಲಾಯಿಸಿ. ಸೆಲ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹಾಕಿದ ತಿಂಗಳು ಬರೆದಿಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲ ನಮೂನೆಯೂ ಸಿಗುತ್ತದೆ. ಕೊಳ್ಳುವಾಗ ಪ್ಯಾಕ್ ಮೇಲಿನ ದಿನಾಂಕ ನೋಡಿ. ಹಳೆ ಸೀಲ್ಡ್ ಬ್ಯಾಟರಿಯನ್ನು ತೋಟದಲ್ಲಿ ಎಸೆಯಬೇಡಿ, ಒಳಗಿರುವುದು ಸೀಸ ಮತ್ತು ಆಸಿಡ್. ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಕಳೆದುಕೊಳ್ಳುತ್ತಾರೆ.

ಕುಡ್ಲ_ಹಂಚಿನಮನೆ

ಪರೀಕ್ಷೆ ಮರೆಯದಿರಲು ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಫೋನಿನಲ್ಲಿ ರಿಮೈಂಡರ್ ಇಟ್ಟರೆ ಅಪ್ಪ ನೋಡುವುದಿಲ್ಲ. ಅಮಾವಾಸ್ಯೆ ಮಾತ್ರ ಮರೆಯುವುದಿಲ್ಲ. ಪ್ರತಿ ಅಮಾವಾಸ್ಯೆ ಸಂಜೆ ಒಂದೊಂದು ಬಾಗಿಲು ತೆರೆದು, ಪ್ರತಿ ಸೆನ್ಸರ್ ಮುಂದೆ ನಡೆದು, ಸೈರನ್ ಒಮ್ಮೆ ಕೂಗಿಸಿ ನೋಡುವುದು. ಪಕ್ಕದ ಮನೆಯವರಿಗೂ ಗೊತ್ತು, ಆ ಹೊತ್ತಿನ ಕೂಗು ಪರೀಕ್ಷೆಯದೆಂದು. ಸೆಲ್ ಬದಲಾಯಿಸುವುದು ಆಯುಧ ಪೂಜೆಯ ಹಿಂದಿನ ದಿನ. ಹೇಗೂ ಪಂಪು, ಗಾಡಿ, ಕತ್ತಿ ಎಲ್ಲ ತೊಳೆದು ಒರೆಸುವ ದಿನ ಅದು, ಮಳೆಯೂ ಇಳಿದಿರುತ್ತದೆ. ಪ್ಯಾನೆಲ್‌ಗೆ ಕುಂಕುಮ ಹಚ್ಚುತ್ತಾರೆ, ಸೆನ್ಸರ್ ಲೆನ್ಸ್‌ಗೆ ಮಾತ್ರ ಹಚ್ಚಲು ಬಿಡುವುದಿಲ್ಲ.

ಶರಾವತಿ_ತೀರ

ಅಮಾವಾಸ್ಯೆ ಉಪಾಯ ಅಪ್ಪನಿಗೆ ಹೇಳಿದೆ, ಒಪ್ಪಿದರು. ಪ್ಯಾನೆಲ್ ಮತ್ತೆ ಆನ್ ಆಗಿದೆ. ನಡುಮನೆಯಿಂದ ಹಿತ್ತಿಲ ಕಡೆಯ ಗೋಡೆಗೆ ಪ್ಯಾನೆಲ್ ಸರಿಸಿದ ಮೇಲೆ ಸಿಗ್ನಲ್ ಮೂರು ಕಡ್ಡಿ ಬಂದಿದೆ. ಏಣಿಯ ಜಾಗಕ್ಕೆ ಇನ್ನೊಂದು ಸೆನ್ಸರ್ ತರಿಸುತ್ತಿದ್ದೇನೆ.

ಒಂದು ಅನುಮಾನ. ಅಪ್ಪ ಪರೀಕ್ಷೆ ಮಾಡುವಾಗ ಅಡಿಕೆ ಕೋಣೆಯಲ್ಲಿ ಮೊದಲ ಸಲ ನಡೆದಾಗ ಸೆನ್ಸರ್ ಹಿಡಿಯಿತು, ಕೂಡಲೇ ಮತ್ತೆ ನಡೆದರೆ ಹಿಡಿಯಲಿಲ್ಲ. ಕೆಟ್ಟಿದೆಯೇ?

ಪ್ಯಾನೆಲ್_ಮೇಸ್ತ್ರಿ

ಕೆಟ್ಟಿಲ್ಲ ಸರ್. ಸೆಲ್ ಉಳಿಸಲು ಹೆಚ್ಚಿನ ವೈರ್‌ಲೆಸ್ ಮೋಷನ್ ಸೆನ್ಸರ್‌ಗಳು ಒಮ್ಮೆ ಕೂಗಿದ ಮೇಲೆ ಎರಡು ಮೂರು ನಿಮಿಷ ಮಲಗುತ್ತವೆ. ಆ ಹೊತ್ತಿನಲ್ಲಿ ಮುಂದೆ ಓಡಾಡುತ್ತಲೇ ಇದ್ದರೆ ಕೆಲವು ಮಾದರಿಗಳಲ್ಲಿ ಆ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೋಣೆ ಖಾಲಿ ಬಿಟ್ಟು, ಬಾಗಿಲು ಹಾಕಿ, ಐದು ನಿಮಿಷ ಬಿಟ್ಟು ಒಳಗೆ ಹೋಗಲು ಹೇಳಿ. ಮುಚ್ಚಳದ ಒಳಗೆ ಒಂದು ಸಣ್ಣ ಜಂಪರ್ (ಕಿತ್ತು ಜಾಗ ಬದಲಿಸಬಹುದಾದ ಪುಟ್ಟ ಕೊಂಡಿ) ಇರುತ್ತದೆ, ಟೆಸ್ಟ್ ಕಡೆಗೆ ಹಾಕಿದರೆ ಕೆಲವೇ ಸೆಕೆಂಡಿಗೊಮ್ಮೆ ಹಿಡಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಮೊದಲಿದ್ದ ಕಡೆಗೆ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಹೊಸ ಸೆಲ್ ಬೇಗ ಮುಗಿಯುತ್ತದೆ. ಹೊಸ ಸೆನ್ಸರ್ ಬಂದ ಮೇಲೆ ಅದರ ಮಾಡೆಲ್ ನಂಬರ್ ಇಲ್ಲಿ ಹಾಕಿ, ಜಂಪರ್ ಯಾವುದೆಂದು ಹೇಳುತ್ತೇನೆ.